ಗಾಯಕ್ಕೆ ಯಾವ ಊರು ಸ್ವಾಮಿ?

"ಬಾಂಗ್ಲಾದಿಂದ ಕಳ್ಳದಾರೀಲಿ ಬಂದವರಿಗೆಲ್ಲ ನಮ್ಮ ತೆರಿಗೆ ದುಡ್ಡಲ್ಲಿ ಯಾಕೆ ಚಿಕಿತ್ಸೆ ಕೊಡಬೇಕು?" ಅಂತ ಕೇಳೋರು ಹೆಚ್ಚಾಗಿದ್ದಾರೆ. ಅವರಲ್ಲಿ ನನ್ನ ಗೆಳೆಯರೂ ಇದ್ದಾರೆ. ಸರಿ, ಜಗಳ ಆಡೇಬಿಡೋಣ.

ಮೊದಲು ಇಷ್ಟು ಹೇಳಿ. ವೈಟ್‌ಫೀಲ್ಡಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ತಲೆ ಒಡೆದುಕೊಂಡವನು ಬಾಂಗ್ಲಾದವನೋ, ಮುರ್ಶಿದಾಬಾದಿನವನೋ, ನಮ್ಮ ರಾಯಚೂರಿನವನೋ... ಕ್ಯಾಶುವಾಲ್ಟಿಯಲ್ಲಿ ಹೇಗೆ ಗೊತ್ತು ಮಾಡ್ತೀರಿ? ಜ್ಞಾನ ತಪ್ಪಿದವನ ಹತ್ತಿರ ಆಧಾರ್ ಕೇಳ್ತೀರಾ? 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ 'ಬಾಂಗ್ಲಾದವರು' ಅಂತ ಗುಡಿಸಲು ಕೆಡವಿದರಲ್ಲ, ಆಮೇಲೆ ನೋಡಿದರೆ ಅಲ್ಲಿ ಉತ್ತರ ಕರ್ನಾಟಕದವರೂ ಇದ್ದರು, ಅಸ್ಸಾಮಿನವರೂ ಇದ್ದರು. ಪುರುಸೊತ್ತಾಗಿ ವಿಚಾರಿಸಬಹುದಾದ ಕಡೆಯೇ ಹೀಗೆ. ಇನ್ನು ರಕ್ತ ಸುರಿಯುವಾಗ?

1989ರಲ್ಲೇ ಪರಮಾನಂದ ಕಟಾರಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಮೊದಲು ಜೀವ ಉಳಿಸಿ, ಪೊಲೀಸ್ ಕಾಗದಪತ್ರ ಆಮೇಲೆ ಅಂತ. ಸರ್ಕಾರಿ ಡಾಕ್ಟರಿಗೂ ಖಾಸಗಿ ಡಾಕ್ಟರಿಗೂ ಒಂದೇ ಮಾತು. ಸಂವಿಧಾನದ 21ನೇ ವಿಧಿಯೂ 'ವ್ಯಕ್ತಿ' ಅನ್ನುತ್ತೆ, 'ನಾಗರಿಕ' ಅನ್ನೋದಿಲ್ಲ. ಆದರೆ ಬಿಲ್ಲು ಯಾರು ಕಟ್ಟಬೇಕು ಅನ್ನೋದು ಮಾತ್ರ ಆ ತೀರ್ಪಿನಲ್ಲಿ ಇಲ್ಲ. ಎಡವಟ್ಟು ಅಲ್ಲೇ ಶುರು.

ಸರ್ಕಾರಕ್ಕೆ ದಾರಿ ಗೊತ್ತಿಲ್ಲ ಅಂತಲ್ಲ. 2016ರ ಫೆಬ್ರವರಿಯಲ್ಲಿ ಪೀಣ್ಯದಾಚೆ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದರೂ ಅಂಗಾಂಗ ದಾನದ ಮಾತಾಡಿದ ಹರೀಶ್ ನೆನಪಿದ್ದಾನಲ್ಲ? ಅವನ ಹೆಸರಲ್ಲಿ ಸಾಂತ್ವನ ಯೋಜನೆ ಬಂತು. ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. ಯಾವ ರಾಜ್ಯ, ಯಾವ ದೇಶ ಅನ್ನೋ ಪ್ರಶ್ನೆಯೇ ಇರಲಿಲ್ಲ. 2018ರಲ್ಲಿ ಅದನ್ನು 'ಆರೋಗ್ಯ ಕರ್ನಾಟಕ'ದೊಳಗೆ ಸೇರಿಸಿದರು. 2025ರಲ್ಲಿ ಕೇಂದ್ರ ಸರ್ಕಾರವೂ ರಸ್ತೆ ಅಪಘಾತಕ್ಕೆ 7 ದಿನ, ಒಂದೂವರೆ ಲಕ್ಷದವರೆಗೆ ಕ್ಯಾಶ್‌ಲೆಸ್ ಚಿಕಿತ್ಸೆ ಅಂದಿತು.

ಅಂದ್ರೆ ತುಮಕೂರು ರಸ್ತೆಯಲ್ಲಿ ಲಾರಿಗೆ ಕೈ ಸಿಕ್ಕರೆ ಯೋಜನೆ ಉಂಟು. ಅದೇ ರಸ್ತೆ ಪಕ್ಕದ ಶೆಡ್ಡಿನಲ್ಲಿ ಪವರ್ ಪ್ರೆಸ್ಸಿಗೆ ಕೈ ಸಿಕ್ಕರೆ ಇಲ್ಲ! ಅಲ್ಲಿ ಇಎಸ್‌ಐ ಕಾರ್ಡ್ ತೋರಿಸಬೇಕು. ಮಾಲೀಕ ಹೆಸರನ್ನೇ ಬರೆಸದಿದ್ದರೆ? ಕಟ್ಟಡ ಕಾರ್ಮಿಕರ ಮಂಡಳಿಯ ನೆರವಿಗೆ ನೋಂದಣಿ ಬೇಕು. ಮೇಸ್ತ್ರಿ ಹಾಜರಿ ಪುಸ್ತಕವನ್ನೇ ಇಡದಿದ್ದರೆ?

ನನ್ನ ಸಿಟ್ಟು ಇರೋದು ಇಲ್ಲೇ. 'ದಾಖಲೆ ಇಲ್ಲದವನು' ಅಂತ ಕೂಲಿಯವನನ್ನು ಬೈತೀವಿ. ದಾಖಲೆ ಇಲ್ಲದಿರೋದರಿಂದ ಲಾಭ ಆಗ್ತಿರೋದು ಯಾರಿಗೆ? ಅಗ್ಗದ ಕೂಲಿ ಬಿಲ್ಡರಿಗೆ ಬೇಕು, ಹೊಸ ಫ್ಲ್ಯಾಟು ನಮಗೆ ಬೇಕು, ಆಸ್ಪತ್ರೆ ಬಿಲ್ಲು ಮಾತ್ರ ಯಾರಿಗೂ ಬೇಡ.

ಕಟ್ಟಡ ವೆಚ್ಚದ ಮೇಲೆ ಶೇಕಡಾ 1 ಸೆಸ್ ವಸೂಲಾಗ್ತಾನೇ ಇದೆಯಲ್ಲ? ಗಾಯ ರಸ್ತೆಯಲ್ಲೇ ಆಗಲಿ, ಶೆಡ್ಡಿನಲ್ಲೇ ಆಗಲಿ, ಮೊದಲ 48 ಗಂಟೆಯ ಬಿಲ್ಲನ್ನು ಯಾವ ಕಾರ್ಡೂ ಕೇಳದೆ ಸರ್ಕಾರ ಕಟ್ಟಲಿ. ಆಮೇಲೆ ಕೆಲಸ ಮಾಡಿಸಿದವನಿಂದ ಬಡ್ಡಿ ಸಮೇತ ವಸೂಲಿ ಮಾಡಲಿ. ಗಾಯಾಳು ಯಾವ ದೇಶದವನು ಅನ್ನೋದನ್ನು ಪೊಲೀಸರು, ಕೋರ್ಟು ನಿಧಾನವಾಗಿ ವಿಚಾರಿಸಿಕೊಳ್ಳಲಿ.

ವಿಚಾರಿಸೋಕಾದರೂ ಅವನು ಬದುಕಿರಬೇಕಲ್ಲ, ಏನಂತೀರಾ?