ಬಿರುಕಿನ ನಂತರದ ಬಲ

ಸ್ಟೀಲ್ ಫೈಬರ್ ಎಂದು ಕರೆಯಲಾಗುವ ಉಕ್ಕಿನ ಎಳೆಗಳನ್ನು ಬೆರೆಸಿದರೆ ಕಾಂಕ್ರೀಟಿನ ಬಲ ಎಷ್ಟು ಹೆಚ್ಚುತ್ತದೆ? ಒತ್ತುವ ಭಾರವನ್ನು ಹೊರುವ ಶಕ್ತಿಯಷ್ಟೇ ಬಲವೆನ್ನುವುದಾದರೆ, ತೀರ ಅಲ್ಪ. ಈ ಸಂಗತಿಯನ್ನು ಗಮನಿಸದೆ ಬರೆದ ಟೆಂಡರ್ ಷರತ್ತುಗಳು ಸಾರ್ವಜನಿಕ ಹಣದ ಸೋರಿಕೆಗೆ ದಾರಿಯಾಗುತ್ತವೆ ಎಂಬುದು ನನ್ನ ಆತಂಕ.

ಕಾಂಕ್ರೀಟು ಒತ್ತಡವನ್ನು ಕಲ್ಲಿನಂತೆ ತಾಳುತ್ತದೆ. ಎಳೆತವನ್ನು ತಾಳುವ ಶಕ್ತಿ ಮಾತ್ರ ಅದರ ಸುಮಾರು ಹತ್ತನೆಯ ಒಂದು ಪಾಲು. ಬಿರುಕು ಮೂಡಿದೊಡನೆ ಥಟ್ಟನೆ ಮುರಿಯುವುದು ಅದರ ಸ್ವಭಾವ. ಘನ ಮೀಟರಿಗೆ 25ರಿಂದ 40 ಕಿಲೋಗ್ರಾಂನಷ್ಟು, 30ರಿಂದ 60 ಮಿಲಿಮೀಟರ್ ಉದ್ದದ, ತುದಿ ಬಾಗಿದ ಎಳೆಗಳನ್ನು ಸೇರಿಸಿದಾಗ ಬದಲಾಗುವುದು ಈ ಸ್ವಭಾವ. ಎಳೆಗಳು ಬಿರುಕಿನ ಎರಡೂ ಅಂಚುಗಳನ್ನು ಹೊಲಿಗೆಯಂತೆ ಹಿಡಿದಿಟ್ಟು, ನಿಧಾನವಾಗಿ ಕಿತ್ತುಬರುತ್ತಾ ಆಘಾತವನ್ನು ಹೀರಿಕೊಳ್ಳುತ್ತವೆ. ಗೋಡೆಯ ಮಣ್ಣಿಗೆ ಹುಲ್ಲು ಬೆರೆಸಿ ತುಳಿಯುತ್ತಿದ್ದ ನಮ್ಮ ಹಿರಿಯರಿಗೆ ಈ ತತ್ವ ಅಪರಿಚಿತವಾಗಿರಲಿಲ್ಲ. ಕಾರ್ಖಾನೆಯ ನೆಲ, ಸುರಂಗದ ಒಳಪದರ, ಕಾಂಕ್ರೀಟ್ ರಸ್ತೆಗಳಿಗೆ ಇದು ಉಪಯುಕ್ತ. ಇಂತಹ ರಸ್ತೆಗಳಿಗೆಂದೇ ಭಾರತೀಯ ರಸ್ತೆ ಕಾಂಗ್ರೆಸ್ 2013ರಲ್ಲಿ ಪರಿಷ್ಕೃತ ಮಾರ್ಗಸೂಚಿಯನ್ನು ಹೊರತಂದಿದೆ.

ಆದರೆ ನಮ್ಮ ಕಚೇರಿಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು 150 ಮಿಲಿಮೀಟರಿನ ಕ್ಯೂಬನ್ನು 28ನೆಯ ದಿನ ಒತ್ತಿ ಒಡೆಯುವ ಪರೀಕ್ಷೆಯನ್ನು. ಎಳೆಗಳನ್ನೇ ಹಾಕದ ಕಾಂಕ್ರೀಟು ಕೂಡ ಇದರಲ್ಲಿ ಸಲೀಸಾಗಿ ತೇರ್ಗಡೆಯಾಗುತ್ತದೆ. ಸೇವೆಯಲ್ಲಿದ್ದಾಗ ಇಂತಹ ವರದಿಗಳನ್ನು ನಂಬಿ ನಾನೂ ಎಷ್ಟೋ ಬಿಲ್ಲುಗಳಿಗೆ ಮಂಜೂರಾತಿ ನೀಡಿದ್ದೇನೆ. ಬಿರುಕು ಬಿಟ್ಟ ಮೇಲೆ ಏನಾಗುತ್ತದೆಂದು ಕೇಳಬೇಕೆಂದು ನನಗೆ ತೋಚಿರಲಿಲ್ಲ.

ಕೊಳ್ಳುವವನಿಗೆ ಗುಣ ಕಾಣದಿದ್ದರೆ ಕಳಪೆ ಸರಕು ಒಳ್ಳೆಯದನ್ನು ಮಾರುಕಟ್ಟೆಯಿಂದ ಹೊರದೂಡುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ತೋರಿಸಿದರು. ಅತಿ ಕಡಿಮೆ ದರಕ್ಕೆ ಮಣೆ ಹಾಕುವ ಟೆಂಡರಿನಲ್ಲಿ ಎಳೆಗಳನ್ನು ಪ್ರಾಮಾಣಿಕವಾಗಿ ಹಾಕುವ ಗುತ್ತಿಗೆದಾರನೇ ಸೋಲುತ್ತಾನೆ.

ಪರಿಹಾರ ದುಬಾರಿಯೇನಲ್ಲ. ತೊಲೆಯಾಕಾರದ ಮಾದರಿಯನ್ನು ಬಗ್ಗಿಸಿ, ಬಿರುಕಿನ ನಂತರವೂ ಅದು ತಾಳುವ ಭಾರವನ್ನು ಅಳೆಯುವ ಪರೀಕ್ಷೆ ಕಡ್ಡಾಯವಾಗಲಿ. ಕಾಮಗಾರಿಯ ಸ್ಥಳದಲ್ಲೇ ಹಸಿ ಕಾಂಕ್ರೀಟನ್ನು ತೊಳೆದು, ಅಯಸ್ಕಾಂತದಿಂದ ಎಳೆಗಳನ್ನು ಹೆಕ್ಕಿ ತೂಗಲಿ. ಹಾಗೆಂದು ಎಳೆಗಳು ಸರ್ವರೋಗ ನಿವಾರಕವಲ್ಲ: ಮಿತಿಮೀರಿದರೆ ಉಂಡೆಗಟ್ಟುತ್ತವೆ, ಕಟ್ಟಡದ ತೊಲೆ, ಕಂಬಗಳ ಮುಖ್ಯ ಸರಳುಗಳಿಗೆ ಅವು ಸಾಮಾನ್ಯವಾಗಿ ಬದಲಿಯಾಗಲಾರವು.

ತೆರಿಗೆದಾರ ಎಳೆಗಳಿಗೆ ಹಣ ತೆರುವುದು ಬಿರುಕಿನ ನಂತರದ ಬಲಕ್ಕಾಗಿ. ಆ ಬಲವನ್ನು ಅಳೆಯದೆ ಬಿಲ್ಲಿಗೆ ಸಹಿ ಹಾಕುವ ಪರಿಪಾಠ ಇನ್ನಾದರೂ ನಿಲ್ಲಬೇಕು.