ಒಂದಕ್ಷರದ ಕಾಂಪ್ಲಿಮೆಂಟು

ಲ್ಯಾಬ್ ರೆಕಾರ್ಡಿನಲ್ಲಿ ಟೂಸ್ ಕಾಂಪ್ಲಿಮೆಂಟ್ ಅಂತ ಬರೆಯುವಾಗ ನಮ್ಮಲ್ಲಿ ಎಷ್ಟೋ ಜನ 'ಎಲ್' ಆದ ಮೇಲೆ 'ಇ' ಬದಲು 'ಐ' ಹಾಕ್ತಾರೆ. 'ಐ' ಬಂದರೆ ಹೊಗಳಿಕೆ, 'ಇ' ಬಂದರೆ ಪೂರಕ. ಬಾಯಲ್ಲಿ ಹೇಳಿದರೆ ಎರಡೂ ಒಂದೇ. ಕನ್ನಡ ಲಿಪಿಯಲ್ಲಂತೂ ವ್ಯತ್ಯಾಸವೇ ಇಲ್ಲ. 'ಕಂಪ್ಲೀಟ್'ನಲ್ಲಿ 'ಎಲ್' ಪಕ್ಕ ಇರೋ 'ಇ' ನೆನಪಿಟ್ಟುಕೊಂಡರೆ ಸಾಕು. (ಫೆಸ್ಟ್ ಪೋಸ್ಟರ್ ಮಾಡೋರು ಗಮನಿಸಿ: ಫ್ರೀ ಊಟಕ್ಕೆ 'ಐ'.)

ಎರಡಕ್ಕೂ ಲ್ಯಾಟಿನ್ನಿನ ಒಂದೇ ಬೇರು, ಅರ್ಥ 'ತುಂಬು'. ಹೊಗಳಿಕೆಯದ್ದು ಮಾತ್ರ ಸ್ಪೇನ್, ಇಟಲಿ, ಫ್ರಾನ್ಸ್ ಸುತ್ತಾಡಿಕೊಂಡು, ಶಿಷ್ಟಾಚಾರ ಪೂರೈಸೋದು ಅನ್ನೋ ಅರ್ಥ ಹೊತ್ತು ಇಂಗ್ಲಿಷಿಗೆ ಬಂತು.

ನಮ್ಮ ತಕರಾರು ಸ್ಪೆಲ್ಲಿಂಗಿನ ಬಗ್ಗೆ ಅಲ್ಲ, ನಗುವಿನ ಬಗ್ಗೆ. ಕನ್ನಡ ಮೀಡಿಯಂನಿಂದ ಬಂದವರು ಬೋರ್ಡಿನ ಮೇಲೆ 'ಐ' ಬರೆದರೆ ಹಿಂದಿನ ಬೆಂಚಿನಿಂದ ಕಿಸಕ್ ಅಂತ ಸದ್ದು ಬರುತ್ತೆ. ನಗೋರು ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮ ಕಡೆಯವರೇ.

ಸರಿ, ಅರ್ಥ ಕೇಳೋಣ. ನಮಗೆ ಕಾಂಪ್ಲಿಮೆಂಟರಿ ಆಂಗಲ್ ಅಂದ್ರೆ 'ಕೂಡಿದರೆ 90', ಬಾಯಿಪಾಠ. ಅವರು ಓದಿದ್ದು ಪೂರಕ ಕೋನ. ಕಮ್ಮಿ ಬಿದ್ದದ್ದನ್ನು ತುಂಬೋದು ಅಂತ ಆ ಪದವೇ ಹೇಳಿಬಿಡುತ್ತೆ. 30ಕ್ಕೆ ಕಮ್ಮಿ ಬಿದ್ದದ್ದು 60. ಈಗ ಇದೇ ಕಣ್ಣಲ್ಲಿ ಬೈನರಿ ನೋಡಿ. ನಾಲ್ಕು ಬಿಟ್‌ನಲ್ಲಿ 6 ಅಂದರೆ 0110. ಬಿಟ್‌ಗಳನ್ನು ತಿರುಗಿಸಿದರೆ 1001. ಎರಡನ್ನೂ ಕೂಡಿ: 1111, ಎಲ್ಲಾ ಜಾಗವೂ ಭರ್ತಿ. ಅದು ಒನ್ಸ್ ಕಾಂಪ್ಲಿಮೆಂಟ್. ಅದಕ್ಕೆ 1 ಸೇರಿಸಿದರೆ 1010, ಇದು ಟೂಸ್ ಕಾಂಪ್ಲಿಮೆಂಟ್. ಇದನ್ನ 0110ಕ್ಕೆ ಕೂಡಿದರೆ 10000. ಐದನೇ ಬಿಟ್‌ಗೆ ಜಾಗ ಇಲ್ಲ, ಹೊರಗೆ ಬೀಳುತ್ತೆ, ಉಳಿಯೋದು 0000. 6ಕ್ಕೆ ಏನು ಕೂಡಿದರೆ ಸೊನ್ನೆ ಬರುತ್ತೆ? −6. 'ತಿರುಗಿಸು, ಒಂದು ಕೂಡು' ಅಂತ ಮಂತ್ರದ ಥರ ಮಾಡೋ ಲೆಕ್ಕದ ಒಳಗಿರೋದು ಇಷ್ಟೇ. ಸಿಮಾಸ್‌ನ 'ಸಿ' ಕೂಡ ಇದೇ ಪೂರಕ: ಇನ್ವರ್ಟರ್‌ಗೆ 0 ಕೊಟ್ಟರೆ ಪಿಮಾಸ್ ಆನ್, 1 ಕೊಟ್ಟರೆ ಎನ್‌ಮಾಸ್ ಆನ್. ಒಂದು ಬಿಟ್ಟ ಕೆಲಸ ಇನ್ನೊಂದರದ್ದು.

ರೆಕಾರ್ಡಿನಲ್ಲಿ ಸ್ಪೆಲ್ಲಿಂಗ್ ತಿದ್ದಬೇಡಿ ಅಂತ ನಾವು ಹೇಳ್ತಿಲ್ಲ. ಕೆಂಪು ಪೆನ್ನು ಓಡಲಿ, ಅರ್ಧ ಮಾರ್ಕು ಬೇಕಿದ್ದರೂ ಹೋಗಲಿ. ನಾಳೆ ಪ್ರಾಜೆಕ್ಟ್ ರಿಪೋರ್ಟಿಗೆ ಸರಿಯಾದ ಸ್ಪೆಲ್ಲಿಂಗ್ ಬೇಕೇ ಬೇಕು. ಆದರೆ ವೈವಾದಲ್ಲಿ 'ಅದನ್ನ ಕಾಂಪ್ಲಿಮೆಂಟ್ ಅಂತ ಯಾಕೆ ಕರೀತಾರೆ?' ಅಂತಲೂ ಒಂದು ಪ್ರಶ್ನೆ ಇರಲಿ. ಉತ್ತರ ಕನ್ನಡದಲ್ಲಿ ಬಂದರೂ ಪೂರ್ತಿ ಮಾರ್ಕು ಕೊಡಲಿ. ಮೊದಲು ಹಿಂದಿನ ಬೆಂಚಿನವರನ್ನೇ ಕೇಳಲಿ.