ಎಫ್ ಕಾರ್ಡ್ ಹಿಡಿಯಲಾಗದವರಿಗೆ



ಬೇಸಿಗೆ ರಜೆಯಲ್ಲಿ ಗಿಟಾರ್ ಕಲಿಯಲು ಬರುವ ಮಕ್ಕಳು ಎಲ್ಲಿ ನಿಲ್ಲುತ್ತಾರೆಂದು ಗಾನವೃಂದ ನಡೆಸುವವರಿಗೆಲ್ಲ ಗೊತ್ತು. ಮೊದಲ ವಾರ ಇ ಮೈನರ್ ಬರುತ್ತದೆ, ಎರಡನೆಯ ವಾರ ಜಿ ಮತ್ತು ಡಿ, ಆಮೇಲೆ ಸಿ. ಮನೆಯಲ್ಲಿ ಅಪ್ಪ ಅಮ್ಮನಿಗೆ ಹೆಮ್ಮೆ. ನಂತರ ಎಫ್ ಬರುತ್ತದೆ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಮಲಗಿಸಿ ಒತ್ತಬೇಕು ಎನ್ನುತ್ತಾರೆ ಕಲಿಸುವವರು. ಒತ್ತಿದರೆ ನಾದ ಬರುವುದಿಲ್ಲ, 'ಟಕ್ ಟಕ್' ಎಂಬ ಸದ್ದು ಮಾತ್ರ. ಎರಡು ವಾರ ಹೀಗೇ ಕಳೆದರೆ ಮಗು, "ನನ್ನ ಕೈ ಚಿಕ್ಕದು, ನನಗಾಗದು" ಎಂದು ತೀರ್ಮಾನಿಸಿ ಗಿಟಾರನ್ನು ಬೀರುವಿನ ಮೇಲೆ ಇಡುತ್ತದೆ. ಗಿಟಾರ್ ಅಲ್ಲೇ ಉಳಿಯುತ್ತದೆ.

ಪೇಟೆಯ ದೊಡ್ಡ ದೇವಾಲಯದಲ್ಲಿ ಒಬ್ಬರು ಬಿಟ್ಟುಹೋದರೆ ಇನ್ನೊಬ್ಬರಿರುತ್ತಾರೆ. ಮಸಿನಗುಡಿಯ ಕಡೆಯ ಅಥವಾ ಗೂಡಲೂರಿನ ತೋಟಗಳ ನಡುವಿನ ಪುಟ್ಟ ಪ್ರಾರ್ಥನಾಲಯಗಳಲ್ಲಿ ಹಾಗಲ್ಲ. ಅಲ್ಲಿ ಆ ಒಬ್ಬ ಹುಡುಗ ಅಥವಾ ಹುಡುಗಿಯೇ ಇಡೀ ವಾದ್ಯಗೋಷ್ಠಿ. ಆ ಮಗು ಕೈಬಿಟ್ಟರೆ ಹಾಡು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಆದ್ದರಿಂದ ಈ ತಿಂಗಳು ಬೆರಳಿನ ವಿಷಯವನ್ನೇ ಬರೆಯುತ್ತಿದ್ದೇನೆ. ಗಿಟಾರ್ ಹಿಡಿಯದ ಹಿರಿಯರು ಮಕ್ಕಳಿಗೆ ಓದಿ ಹೇಳಿದರೆ ಸಾಕು.

ಮೊದಲು ಎರಡು ಪದಗಳು. ಅತ್ಯಂತ ತೆಳುವಾದ ತಂತಿ ಒಂದನೆಯದು, ಅತ್ಯಂತ ದಪ್ಪನೆಯದು ಆರನೆಯದು. ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳ ನಡುವಿನ ಜಾಗವನ್ನು 'ಮನೆ' ಎನ್ನೋಣ. ತಿರುಪುಗಳ ಕಡೆಯಿಂದ ಎಣಿಸಿದರೆ ಮೊದಲನೆಯದು ಒಂದನೇ ಮನೆ.

ಕಾರ್ಡ್ ಎಂದರೆ ಮೂರು ಸ್ವರಗಳ ಕೂಟ. ಎಫ್ ಎಂದರೆ ಎಫ್, ಎ, ಸಿ ಇಷ್ಟೇ. ಗಿಟಾರಿಗೆ ಆರು ತಂತಿಗಳಿರುವುದರಿಂದ ಈ ಮೂರರಲ್ಲೇ ಕೆಲವನ್ನು ನಾವು ಒಂದಕ್ಕಿಂತ ಹೆಚ್ಚು ಸಲ ನುಡಿಸುತ್ತೇವೆ. ಒಮ್ಮೊಮ್ಮೆ ನುಡಿಸಿದರೂ ಅದು ಎಫ್ ಕಾರ್ಡೇ. ನಾಲ್ಕನೇ ತಂತಿಯ ಮೂರನೇ ಮನೆಯಲ್ಲಿ ಉಂಗುರಬೆರಳು, ಮೂರನೇ ತಂತಿಯ ಎರಡನೇ ಮನೆಯಲ್ಲಿ ನಡುಬೆರಳು, ಎರಡನೇ ತಂತಿಯ ಒಂದನೇ ಮನೆಯಲ್ಲಿ ತೋರುಬೆರಳು. ಈ ಮೂರು ತಂತಿಗಳನ್ನು ಮಾತ್ರ ಮೀಟಿರಿ. ಕಾರ್ಡ್ ಪೂರ್ಣವಾಗಿದೆ, ಏನೂ ಕಡಿಮೆಯಾಗಿಲ್ಲ. ಅಡ್ಡ ಬೆರಳು ಬೇಕಾಗಿಲ್ಲ.

ಇದಕ್ಕಿಂತ ಒಳ್ಳೆಯ ಸಂಗತಿ ಇನ್ನೊಂದಿದೆ. ಸಿ ಕಾರ್ಡನ್ನು ಹಿಡಿದು ನೋಡಿ. ತೋರುಬೆರಳು ಆಗಲೇ ಎರಡನೇ ತಂತಿಯ ಒಂದನೇ ಮನೆಯಲ್ಲಿದೆ. ಅದನ್ನು ಅಲ್ಲಾಡಿಸದೆ, ನಡುಬೆರಳು ಮತ್ತು ಉಂಗುರಬೆರಳನ್ನು ತೆಳು ತಂತಿಯ ಕಡೆಗೆ ಒಂದೊಂದು ತಂತಿ ಇಳಿಸಿ. ಅಷ್ಟೇ, ಎಫ್ ಬಂತು. ಅದೇ ದಾರಿಯಲ್ಲಿ ಹಿಂದಕ್ಕೆ ಏರಿಸಿದರೆ ಮತ್ತೆ ಸಿ. ಸಿ ಹಿಡಿಯಬಲ್ಲ ಮಗು ಅರ್ಧ ಗಂಟೆಯಲ್ಲಿ ಇದನ್ನು ಕಲಿಯುತ್ತದೆ.

ಒಂದನೇ ತಂತಿಯನ್ನು ಒತ್ತದೆ ಹಾಗೇ ಬಿಟ್ಟು ನಾಲ್ಕು ತಂತಿಗಳನ್ನೂ ಮೀಟಿದರೆ ಅದು ಎಫ್ ಮೇಜರ್ ಸೆವೆನ್. ಪರಮಪ್ರಸಾದದ ಮೆಲ್ಲನೆಯ ಗೀತೆಗಳಿಗೆ ಅದು ಬಹಳ ಚೆನ್ನಾಗಿ ಹೊಂದುತ್ತದೆ. ಆದರೆ ಎಫ್ ಶ್ರುತಿಯಲ್ಲೇ ಹಾಡು ಮುಗಿಯುವಾಗ ಇದನ್ನು ಬಳಸಬೇಡಿ. ಮನೆಗೆ ಬಂದು ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತಂತೆ ಕೇಳಿಸುತ್ತದೆ. ಅಲ್ಲಿ ಒಂದನೇ ತಂತಿಯನ್ನು ಬಿಟ್ಟು ಮೀಟುವುದೇ ಸರಿ. ಅಥವಾ ತೋರುಬೆರಳನ್ನು ಸ್ವಲ್ಪ ಚಪ್ಪಟೆ ಮಾಡಿ ಒಂದು, ಎರಡು ಎರಡೂ ತಂತಿಗಳನ್ನು ಒತ್ತಬಹುದು. ಅದನ್ನೇ 'ಚಿಕ್ಕ ಎಫ್' ಎನ್ನುತ್ತಾರೆ.

ಪೂರ್ತಿ ಎಫ್ ಬೇಕೇ ಬೇಕು ಎನ್ನುವ ಹಟವಾದಿಗಳಿಗೂ ಒಂದು ಮಾತು. ಅದರಲ್ಲಿ ಐದು, ನಾಲ್ಕು, ಮೂರನೇ ತಂತಿಗಳನ್ನು ಬೇರೆ ಬೆರಳುಗಳು ಒತ್ತುತ್ತವೆ. ತೋರುಬೆರಳು ನಿಜವಾಗಿ ಕೆಲಸ ಮಾಡಬೇಕಾದ್ದು ಆರು, ಎರಡು, ಒಂದು ಈ ಮೂರು ತಂತಿಗಳ ಮೇಲೆ ಮಾತ್ರ. ಇದು ಗೊತ್ತಿಲ್ಲದೆ ಮಕ್ಕಳು ಇಡೀ ಬೆರಳನ್ನು ಕಬ್ಬಿಣದಂತೆ ಬಿಗಿಹಿಡಿದು ಸುಸ್ತಾಗುತ್ತಾರೆ. ಬೆರಳನ್ನು ಹೆಬ್ಬೆರಳಿನ ಕಡೆಗೆ ಸ್ವಲ್ಪ ಹೊರಳಿಸಿ, ಎಲುಬಿರುವ ಅಂಚಿನಿಂದ, ಲೋಹದ ಪಟ್ಟಿಗೆ ಆದಷ್ಟು ಹತ್ತಿರ ಒತ್ತಿರಿ. ಬಲವನ್ನು ಹೆಬ್ಬೆರಳಿನಿಂದ ಹಿಂಡಿ ತರಬೇಡಿ; ತೋಳನ್ನು ಹಿಂದಕ್ಕೆ ಸ್ವಲ್ಪ ಎಳೆದರೆ ತಾನೇ ಬರುತ್ತದೆ. ಬೆರಳ ತುದಿ ಉರಿಯುವುದು ಸಹಜ, ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಮಣಿಕಟ್ಟು ಅಥವಾ ಹೆಬ್ಬೆರಳಿನ ಬುಡ ನೋಯುತ್ತಿದ್ದರೆ ಮಾತ್ರ ಅಂದಿಗೆ ನಿಲ್ಲಿಸಿಬಿಡಿ.

ಎಫ್ ನಂತರದ ಶತ್ರು ಬಿ ಮೈನರ್. ಡಿ ಶ್ರುತಿಯ ಹಾಡುಗಳಲ್ಲಿ ಇದು ತಪ್ಪದೆ ಎದುರಾಗುತ್ತದೆ. ಒಂದನೇ ತಂತಿಯ ಎರಡನೇ ಮನೆಯಲ್ಲಿ ತೋರುಬೆರಳು, ಎರಡನೇ ತಂತಿಯ ಮೂರನೇ ಮನೆಯಲ್ಲಿ ನಡುಬೆರಳು, ಮೂರನೇ ತಂತಿಯ ನಾಲ್ಕನೇ ಮನೆಯಲ್ಲಿ ಉಂಗುರಬೆರಳು. ಎರಡು, ಮೂರು, ನಾಲ್ಕು ಎಂದು ಮೆಟ್ಟಿಲಿನಂತೆ ನೆನಪಿಡಿ. ಈ ಮೂರು ತಂತಿಗಳಲ್ಲಿ ಬಿ ಮೈನರ್ ಪೂರ್ಣವಾಗಿದೆ. ಇಡೀ ಮೆಟ್ಟಿಲನ್ನು ಒಂದು ಮನೆ ಮುಂದೆ ಜಾರಿಸಿದರೆ ಸಿ ಮೈನರ್.

ಎಫ್ ಶಾರ್ಪ್ ಮೈನರ್ ಹೆಸರು ಕೇಳಿದರೇ ಮಕ್ಕಳ ಮುಖ ಸಪ್ಪಗಾಗುತ್ತದೆ. ಅದಕ್ಕೆ ಒಂದೇ ಬೆರಳು ಸಾಕು! ಒಂದು, ಎರಡು, ಮೂರನೇ ತಂತಿಗಳ ಮೇಲೆ ಎರಡನೇ ಮನೆಯಲ್ಲಿ ತೋರುಬೆರಳನ್ನು ಮಲಗಿಸಿ, ಆ ಮೂರನ್ನೇ ಮೀಟಿರಿ. ಮೂರನೇ ಮನೆಯಲ್ಲಿ ಹಾಗೇ ಮಾಡಿದರೆ ಜಿ ಮೈನರ್, ಒಂದನೇ ಮನೆಯಲ್ಲಿ ಎಫ್ ಮೈನರ್. ಬಿ ಫ್ಲಾಟ್‌ಗೆ ನಾಲ್ಕನೇ ತಂತಿಯನ್ನು ಒತ್ತದೆ ಬಿಟ್ಟು, ಮೂರು ಮತ್ತು ಎರಡನೇ ತಂತಿಗಳನ್ನು ಮೂರನೇ ಮನೆಯಲ್ಲಿ, ಒಂದನೇ ತಂತಿಯನ್ನು ಒಂದನೇ ಮನೆಯಲ್ಲಿ ಒತ್ತಿದರಾಯಿತು.

"ಫಾದರ್, ಇದೆಲ್ಲ ಕಳ್ಳದಾರಿ ಅಲ್ಲವೇ?" ಎಂದು ಕೇಳುವವರಿದ್ದಾರೆ. ಜ್ಯಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನ ಎಡಗೈಯ ಉಂಗುರಬೆರಳು, ಕಿರುಬೆರಳುಗಳು 1928ರಲ್ಲಿ ಬೆಂಕಿ ಅನಾಹುತದಲ್ಲಿ ಸುಟ್ಟು ಕುಗ್ಗಿಹೋದವು. ಆತ ಉಳಿದ ಎರಡು ಬೆರಳುಗಳಿಂದಲೇ ರಾಗದ ಭಾಗಗಳನ್ನು ನುಡಿಸಲು ಹೊಸ ದಾರಿ ಕಂಡುಕೊಂಡು ಯುರೋಪಿನ ಜಾಝ್ ಸಂಗೀತದ ದೊಡ್ಡ ಹೆಸರಾದ. ಕಳ್ಳದಾರಿ ಹಿಡಿದ ಎಂದು ಆತನನ್ನು ಯಾರೂ ದೂರಲಿಲ್ಲ.

ಇದೇ ಆಕ್ಷೇಪ ಕೇಪೋಗೂ ಬರುತ್ತದೆ. ಕೇಪೋ ಎಂದರೆ ಕುತ್ತಿಗೆಯ ಮೇಲೆ ಕಚ್ಚಿಸುವ ಚಿಕ್ಕ ಕ್ಲಿಪ್. ಎಂದೂ ಸುಸ್ತಾಗದ ಒಂದು ತೋರುಬೆರಳು ಎನ್ನಿ. ನಮ್ಮ ಕೀಬೋರ್ಡ್ ವಾದಕರು 'ಟ್ರಾನ್ಸ್‌ಪೋಸ್' ಗುಂಡಿ ಒತ್ತಿ ಸಿ ಶ್ರುತಿಯಲ್ಲೇ ಎಲ್ಲ ಹಾಡನ್ನೂ ನುಡಿಸುತ್ತಾರೆ, ಯಾರೂ ಆಕ್ಷೇಪಿಸುವುದಿಲ್ಲ. ಗಿಟಾರಿನವನು ಕೇಪೋ ಹಾಕಿದರೆ ಮಾತ್ರ ಕಲಿಯದವನು ಎಂಬ ಮಾತು! ನನಗಂತೂ ಇದು ಅನ್ಯಾಯವೆನಿಸುತ್ತದೆ.

ಲೆಕ್ಕ ಸುಲಭ. ಕೇಪೋ ಒಂದು ಮನೆ ಮುಂದೆ ಹೋದರೆ ಶ್ರುತಿ ಕೀಬೋರ್ಡಿನ ಒಂದು ಕಟ್ಟೆಯಷ್ಟು ಏರುತ್ತದೆ. ಬಿಳಿ, ಕಪ್ಪು ಎರಡನ್ನೂ ಬಿಡದೆ ಎಣಿಸಬೇಕು. ಹಾಡು ಬಿ ಫ್ಲಾಟ್‌ನಲ್ಲಿದ್ದರೆ ಮೂರನೇ ಮನೆಯಲ್ಲಿ ಕೇಪೋ ಹಾಕಿ ಜಿ, ಸಿ, ಡಿ, ಇ ಮೈನರ್ ನುಡಿಸಿದರೆ ಮುಗಿಯಿತು, ಕಷ್ಟದ ಕಾರ್ಡ್ ಒಂದೂ ಉಳಿಯುವುದಿಲ್ಲ. ಎಫ್‌ನಲ್ಲಿದ್ದರೆ ಅದೇ ಮೂರನೇ ಮನೆಯಲ್ಲಿ ಕೇಪೋ ಇಟ್ಟು ಡಿ, ಜಿ, ಎ ನುಡಿಸಿ. ಅಲ್ಲಿ ಡಿ ಮೈನರ್ ಬರುವ ಕಡೆ ಬಿ ಮೈನರ್ ಹಿಡಿಯಬೇಕಾಗುತ್ತದೆ, ಮೆಟ್ಟಿಲು ನೆನಪಿದೆಯಲ್ಲ? ಕೇಪೋವನ್ನು ಲೋಹದ ಪಟ್ಟಿಯ ಪಕ್ಕಕ್ಕೇ ಹಾಕಿ, ಹಾಕಿದ ಮೇಲೆ ಮತ್ತೊಮ್ಮೆ ಶ್ರುತಿ ನೋಡಿ. ಏಳನೇ ಮನೆಗಿಂತ ಮುಂದೆ ಹೋದರೆ ನಾದ ತೀರ ತೆಳುವಾಗುತ್ತದೆ.

ಇಲ್ಲಿ ಗಾನವೃಂದದವರಿಗೆ ಒಂದು ಮಾತು ಹೇಳದೆ ಇರಲಾರೆ. ನಮ್ಮ ಧರ್ಮಕ್ಷೇತ್ರ ಮೈಸೂರಿನಿಂದ ಬೇರೆಯಾದದ್ದು 1955ರಲ್ಲಿ. ಇಂದಿಗೂ ನಮ್ಮ ಕನ್ನಡ ಕುಟುಂಬಗಳ ಕೈಯಲ್ಲಿರುವ ಹಾಡಿನ ಪುಸ್ತಕಗಳಲ್ಲಿ ಸಾಹಿತ್ಯವಿರುತ್ತದೆ, ಕಾರ್ಡ್ ಇರುವುದಿಲ್ಲ. ಹಾಗಾಗಿ ಶ್ರುತಿಯನ್ನು ಗಿಟಾರಿನವನೇ ಆರಿಸುತ್ತಾನೆ, ತನ್ನ ಬೆರಳಿಗೆ ಅನುಕೂಲವಾದದ್ದನ್ನು. ಪ್ರವೇಶ ಗೀತೆ ಅಷ್ಟೆತ್ತರದಲ್ಲಿ ಶುರುವಾದರೆ ಎರಡನೇ ಚರಣದ ಹೊತ್ತಿಗೆ ಅಜ್ಜಿಯರು ಬಾಯಿ ಮುಚ್ಚುತ್ತಾರೆ, ಗಂಡಸರು ಪುಸ್ತಕ ನೋಡುತ್ತಾ ನಿಲ್ಲುತ್ತಾರೆ. ಮೊದಲು ಜನರ ಕಂಠಕ್ಕೆ ಹೊಂದುವ ಶ್ರುತಿ ಹುಡುಕಿ, ಆಮೇಲೆ ಅದಕ್ಕೆ ಬೆರಳನ್ನು ಹೊಂದಿಸಿ. ಸುಲಭ ಕಾರ್ಡ್‌ಗಳೂ ಕೇಪೋವೂ ಇರುವುದು ಇದಕ್ಕೇ.

ಎಷ್ಟೋ ಸಲ ತಪ್ಪು ಮಗುವಿನ ಕೈಯದಲ್ಲ, ಗಿಟಾರಿನದು. ಹನ್ನೆರಡನೇ ಮನೆಯ ಪಟ್ಟಿಗೂ ಆರನೇ ತಂತಿಗೂ ನಡುವೆ ಸುಮಾರು ಎರಡೂವರೆ ಮಿಲಿಮೀಟರ್ ಅಂತರವಿದ್ದರೆ ಸರಿ. ನಾಲ್ಕು ಮಿಲಿಮೀಟರ್ ಇದ್ದರೆ ದೊಡ್ಡವರಿಗೂ ಕಷ್ಟ. ಇನ್ನೊಂದು ಪರೀಕ್ಷೆ: ಎಫ್ ಹಿಡಿತವನ್ನು ಐದನೇ ಮನೆಯಲ್ಲಿ ಹಿಡಿದು ನೋಡಿ. ಅಲ್ಲಿ ಸುಲಭ, ಒಂದನೇ ಮನೆಯಲ್ಲಿ ಮಾತ್ರ ಅಸಾಧ್ಯ ಎಂದಾದರೆ ತುದಿಯಲ್ಲಿ ತಂತಿಗಳು ಕೂರುವ ಬಿಳಿ ಪಟ್ಟಿಯ ಕಚ್ಚುಗಳು ಎತ್ತರವಾಗಿವೆ ಎಂದರ್ಥ. ಬಲ್ಲವರು ಅರದಿಂದ ಉಜ್ಜಿ ಸರಿಮಾಡುತ್ತಾರೆ. ಅಂಥವರು ಹತ್ತಿರದಲ್ಲಿಲ್ಲದಿದ್ದರೆ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿ, ಒಂದನೇ ಮನೆಯಲ್ಲಿ ಕೇಪೋ ಹಾಕಿ. ಶ್ರುತಿ ಮೊದಲಿನಂತೆಯೇ ಇರುತ್ತದೆ, ಒತ್ತುವುದು ಹಗುರಾಗುತ್ತದೆ. ತಂತಿ ಬದಲಿಸುವಾಗ 'ಎಕ್ಸ್‌ಟ್ರಾ ಲೈಟ್', ಅಂದರೆ 10ರ ಅಳತೆಯದನ್ನು ಕೇಳಿ ತನ್ನಿ.

ನಮ್ಮ ಬೆಟ್ಟದ ಹವೆಯೂ ಇದರಲ್ಲಿ ಪಾಲುದಾರ. ಗೂಡಲೂರಿನ ಮಳೆಗಾಲದಲ್ಲಿ ಮರ ತೇವ ಹೀರಿ ಗಿಟಾರಿನ ಹೊಟ್ಟೆ ಉಬ್ಬುತ್ತದೆ, ತಂತಿಗಳು ಮೇಲೇಳುತ್ತವೆ. ಜೂನ್‌ನಲ್ಲಿ ಹಿಡಿಯುತ್ತಿದ್ದ ಕಾರ್ಡ್ ಆಗಸ್ಟ್‌ನಲ್ಲಿ ಬರದಿದ್ದರೆ ಮಗುವನ್ನು ಗದರಬೇಡಿ. ಪೆಟ್ಟಿಗೆಯೊಳಗಿಟ್ಟು, ಗೋಡೆಗೆ ಒರಗಿಸದೆ, ಒಣಗಿದ ಜಾಗದಲ್ಲಿಡಿ. ಒಲೆಯ ಹತ್ತಿರ ಮಾತ್ರ ಬೇಡ. ಏಳು ಸಾವಿರ ಅಡಿಗೂ ಎತ್ತರದ ಊಟಿಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಬಲಿಪೂಜೆಗೆ ಬಂದ ಬೆರಳುಗಳು ಮರಗಟ್ಟಿರುತ್ತವೆ. ಕೈಯನ್ನು ಬೆಚ್ಚಗೆ ಮಾಡಿಕೊಂಡೇ ಮುಟ್ಟಿ. ಚಳಿಯಲ್ಲಿ ಶ್ರುತಿ ಮಾಡಿದ ತಂತಿಗಳು ಜನ ತುಂಬಿ ದೇವಾಲಯ ಬೆಚ್ಚಗಾದಂತೆ ಸಡಿಲವಾಗುವುದರಿಂದ, ಪ್ರಬೋಧನೆ ಮುಗಿದ ಮೇಲೆ ಸದ್ದಿಲ್ಲದೆ ಇನ್ನೊಮ್ಮೆ ಸರಿಮಾಡಿಕೊಳ್ಳಿ. (ಪ್ರಬೋಧನೆಯ ನಡುವೆ ಬೇಡ, ದಯವಿಟ್ಟು!)

ದೇವಾಲಯದಲ್ಲಿ ಗಿಟಾರ್ ಬೇಕೇ ಎಂಬ ಹಳೆಯ ಪ್ರಶ್ನೆಗೆ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನದಲ್ಲೇ ಉತ್ತರವಿದೆ. ಆರ್ಗನ್‌ಗೆ ಗೌರವದ ಸ್ಥಾನ ಕೊಟ್ಟು, ಪವಿತ್ರ ಬಳಕೆಗೆ ತಕ್ಕುದಾದ ಬೇರೆ ವಾದ್ಯಗಳನ್ನೂ ಧರ್ಮಸಭೆಯ ಅಧಿಕಾರಿಗಳ ಒಪ್ಪಿಗೆಯಿಂದ ಬಳಸಬಹುದೆಂದು 120ನೇ ಪರಿಚ್ಛೇದ ಹೇಳುತ್ತದೆ. ತಪಸ್ಸುಕಾಲದಲ್ಲಿ ಮಾತ್ರ, ಕೆಲವು ಹಬ್ಬಗಳು ಮತ್ತು ಆ ಕಾಲದ ನಾಲ್ಕನೇ ಭಾನುವಾರ ಬಿಟ್ಟರೆ, ವಾದ್ಯಗಳು ಹಾಡಿಗೆ ಆಸರೆಯಾಗಷ್ಟೇ ಇರಬೇಕು. ಆಸರೆ ಕೊಡಲು ಮೂರು ತಂತಿಗಳ ಎಫ್ ಧಾರಾಳವಾಗಿ ಸಾಲುತ್ತದೆ.

ಇದಕ್ಕೆಲ್ಲ ಬಹಳ ಮೊದಲೇ, 1818ರ ಡಿಸೆಂಬರ್ 24ರಂದು, ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನ ಸಂತ ನಿಕೋಲಾಸರ ದೇವಾಲಯದಲ್ಲಿ ಜೋಸೆಫ್ ಮೋರ್ ಎಂಬ 26 ವರ್ಷದ ಸಹಾಯಕ ಗುರು ಗಿಟಾರ್ ಹಿಡಿದು ನಿಂತರು. ಎರಡು ವರ್ಷ ಹಿಂದೆ ತಾವೇ ಬರೆದಿದ್ದ ಪದ್ಯಕ್ಕೆ ಶಾಲಾ ಶಿಕ್ಷಕ ಫ್ರಾನ್ಸ್ ಕ್ಸೇವರ್ ಗ್ರೂಬರ್ ರಾಗ ಹಾಕಿದ್ದರು. ಇಬ್ಬರೂ ಸೇರಿ ಹಾಡಿದರು. ಅದೇ 'ಸೈಲೆಂಟ್ ನೈಟ್'. ಆರ್ಗನ್ನನ್ನು ಇಲಿ ಕಡಿದಿತ್ತೆಂಬ ಕಥೆಗೆ ಆಧಾರವಿಲ್ಲ, ಮಕ್ಕಳಿಗೆ ಇಷ್ಟವಾಗುತ್ತದೆ ಅಷ್ಟೇ. ಮೋರ್ ಅವರ ಕೈಬರಹದ ಪ್ರತಿಯೊಂದು 1995ರಲ್ಲಿ ಸಿಕ್ಕಿತು. ಅದರಲ್ಲಿ ಹಾಡು ಡಿ ಶ್ರುತಿಯಲ್ಲಿದೆ. ಡಿ, ಜಿ, ಎ ಸೆವೆನ್ ಈ ಮೂರರಲ್ಲಿ ಅದನ್ನು ಪೂರ್ತಿ ನುಡಿಸಬಹುದು. ಈಗಿನ ಅನೇಕ ಪುಸ್ತಕಗಳಲ್ಲಿ ಅದೇ ಹಾಡು ಬಿ ಫ್ಲಾಟ್‌ನಲ್ಲಿ ಅಚ್ಚಾಗಿದೆ. ಅಂಥ ಪುಸ್ತಕ ನಿಮ್ಮ ಕೈಗೆ ಬಂದರೆ, ಮೂರನೇ ಮನೆಯಲ್ಲಿ ಕೇಪೋ ಹಾಕಿ ಜಿ, ಸಿ, ಡಿ ಸೆವೆನ್ ನುಡಿಸಿ. ಕ್ರಿಸ್ತಜಯಂತಿಗೆ ಅಭ್ಯಾಸವನ್ನು ಅಕ್ಟೋಬರಿನಲ್ಲೇ, ಬೆರಳು ಮರಗಟ್ಟುವ ಚಳಿ ಬರುವ ಮೊದಲೇ ಶುರುಮಾಡಿ.